ಒಣನೆಲದ ಗೆದ್ದಲು ಮತ್ತು ಹಾಸನದ ಒಂದು ನಿಯಂತ್ರಣ ಸೇವೆ

ಅರಸೀಕೆರೆ ತಾಲ್ಲೂಕಿನ ಬಾಣಾವರದ ಬಳಿ ಇರುವ ನಮ್ಮ ಹಳೆಯ ಹೆಂಚಿನ ಮನೆಗೆ ಈ ವರ್ಷ ಮುಂಗಾರಿಗೆ ಮುಂಚೆ ಹಾಸನ ನಗರದ ಒಂದು ಸಂಸ್ಥೆಯವರಿಂದ ಗೆದ್ದಲು ನಿಯಂತ್ರಣದ ಕೆಲಸ ಮಾಡಿಸಿದೆವು. ಈ ಬಗೆಯ ಸೇವೆ ಒದಗಿಸುವವರು ಹಾಸನ, ಚಿಕ್ಕಮಗಳೂರು, ಕಡೂರುಗಳಲ್ಲಿ ಈಗ ಹಲವರಿದ್ದಾರೆ. ಅವರ ಔಷಧ, ಯಂತ್ರ, ದರ, ಕೊಡುವ ಭರವಸೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹೆಸರನ್ನು ಬಿಟ್ಟು, ಕೆಲಸದ ಕ್ರಮವನ್ನಷ್ಟೇ ವಿಮರ್ಶಿಸಿದರೆ ಓದುವವರಿಗೆ ಹೆಚ್ಚು ಉಪಯೋಗವಾದೀತೆಂದು ಭಾವಿಸಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ನೆಲದೊಳಗೆ ಅವರು ಮಾಡಿದ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನೆಲದ ಮೇಲಿನ ಕೆಲಸಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ.

ಈ ಸಂಸ್ಥೆಯನ್ನು ಆರಿಸಿಕೊಳ್ಳಲು ಕಾರಣವಾದದ್ದು ಇನ್ನೊಂದು ಕಡೆಯವರು ಫೋನಿನಲ್ಲಿ ಕೊಟ್ಟ ಉತ್ತರ. ಮನೆಯನ್ನು ನೋಡದೆಯೇ ಅವರು, "ನಿಮ್ಮದು ಒಣ ಊರು ಸಾರ್, ಮರಕ್ಕೆ ಸ್ಪ್ರೇ ಹೊಡೆದರೆ ಸಾಕು, ನೆಲ ಕೊರೆಯೋದೆಲ್ಲ ಸಕಲೇಶಪುರ, ಮೂಡಿಗೆರೆ ಕಡೆಗೆ" ಎಂದು ದರ ಹೇಳಿಬಿಟ್ಟರು. ಮಲೆನಾಡಿನಲ್ಲಿ ಮಳೆ ಹೆಚ್ಚು, ಅಲ್ಲಿ ಗೆದ್ದಲು ನೆಲದಿಂದ ಬರುತ್ತದೆ. ಬಯಲುಸೀಮೆಯಲ್ಲಿ ಮಳೆ ಕಡಿಮೆ, ಇಲ್ಲಿ ಗೆದ್ದಲು ಮರದಲ್ಲೇ ಇರುತ್ತದೆ ಎಂಬುದು ಈ ಮಾತಿನ ಹಿಂದಿರುವ ನಂಬಿಕೆ. ಹಳ್ಳಿಯಲ್ಲಿ ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಆದರೆ ನೆಲ ಒಣಗಿದಷ್ಟೂ ಗೆದ್ದಲು ನೆಲವನ್ನು ಇನ್ನೂ ಬಿಗಿಯಾಗಿ ನೆಚ್ಚಿಕೊಳ್ಳುತ್ತದೆ. ಅದನ್ನು ಅರಿಯದೆ ಮಾಡಿದ ಯಾವ ಉಪಚಾರವೂ ಒಂದು ಬೇಸಿಗೆಗಿಂತ ಹೆಚ್ಚು ಬಾಳುವುದಿಲ್ಲವಾದ್ದರಿಂದ, ಸೇವೆಯ ಗುಣದೋಷಕ್ಕೆ ಹೋಗುವ ಮುನ್ನ ಗೆದ್ದಲು ನಿಜವಾದ ಮರುಭೂಮಿಗಳಲ್ಲಿ ಹೇಗೆ ಬದುಕುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಗೆದ್ದಲಿಗೆ ಒಣ ಹವೆ ಒಗ್ಗುವುದಿಲ್ಲ. ನೋಡಲು ಬಿಳಿಯ ಇರುವೆಯಂತಿದ್ದರೂ ಅದು ಇರುವೆಯ ಬಳಗಕ್ಕೆ ಸೇರಿದ್ದಲ್ಲ, ಜಿರಲೆಯ ಬಳಗಕ್ಕೆ ಸೇರಿದ್ದು. ಇರುವೆಗಿರುವ ಗಟ್ಟಿ ಕವಚ ಕೆಲಸಗಾರ ಗೆದ್ದಲಿಗಿಲ್ಲ. ತೆಳುವಾದ ಹೊದಿಕೆಯ ಮೆತ್ತನೆಯ ಮೈ ಹೊರಗಿನ ಬಿಸಿಲುಗಾಳಿಗೆ ಸಿಕ್ಕಿದರೆ ಸ್ವಲ್ಪ ಹೊತ್ತಿನಲ್ಲೇ ನೀರನ್ನೆಲ್ಲ ಕಳೆದುಕೊಂಡು ಸತ್ತುಹೋಗುತ್ತದೆ. ಹೀಗಿದ್ದೂ ಸಹಾರಾದಲ್ಲಿ ಗೆದ್ದಲಿದೆ, ನಮೀಬಿಯಾದ ಕರಾವಳಿಯ ಮರಳುಗಾಡಿನಲ್ಲಿದೆ, ಅಮೆರಿಕ ಮತ್ತು ಮೆಕ್ಸಿಕೋಗಳ ನಡುವಿನ ಚಿಹುವಾಹುವಾ ಮರುಭೂಮಿಯಲ್ಲಿದೆ, ನಮ್ಮದೇ ಥಾರ್‌ನಲ್ಲೂ ಇದೆ. ರಾಜಸ್ಥಾನದ ಮರಳಿನಲ್ಲಿ ಸಾಮೋಟರ್ಮಿಸ್ ಎಂಬ ಮರಳುಗೆದ್ದಲು, ಒಣಹುಲ್ಲನ್ನು ಕತ್ತರಿಸಿ ಗೂಡಿಗೆ ಸಾಗಿಸುವ ಅನಕ್ಯಾಂತೋಟರ್ಮಿಸ್, ಇವುಗಳ ಜೊತೆಗೆ ನಮ್ಮ ಹೊಲಗಳಲ್ಲೂ ಕಾಣುವ ಓಡಾಂಟೋಟರ್ಮಿಸ್ ಮತ್ತು ಮೈಕ್ರೋಟರ್ಮಿಸ್ ಕುಲದವೂ ವಾಸಿಸುತ್ತವೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ.ಎಲ್. ರೂನ್‌ವಾಲ್ ಅವರು ರಾಜಸ್ಥಾನದ ಗೆದ್ದಲುಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದರು. ಜಗತ್ತಿನಲ್ಲಿ ಸುಮಾರು 3000 ಗೆದ್ದಲು ಪ್ರಭೇದಗಳಿದ್ದು, ಮನೆಗೋ ಬೆಳೆಗೋ ಕೇಡು ಮಾಡುವುವು ಅವುಗಳಲ್ಲಿ ಸ್ವಲ್ಪವೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಈ ಹುಳು ಮರುಭೂಮಿಯಲ್ಲಿ ಬದುಕುವುದು ತನ್ನ ಸುತ್ತ ಒಂದು ಬೇರೆಯೇ ಹವೆಯನ್ನು ಕಟ್ಟಿಕೊಂಡು. ಮೇಲಿನ ಮರಳು ಕಾದ ಕಾವಲಿಯಾಗಿರುವಾಗ ಕೆಲವು ಅಡಿ ಕೆಳಗೆ ಉಷ್ಣತೆ ಹೆಚ್ಚು ಏರಿಳಿಯುವುದಿಲ್ಲ, ಮಣ್ಣಿನ ಕಣಗಳ ನಡುವಿನ ಗಾಳಿಯಲ್ಲಿ ಪಸೆ ಉಳಿದಿರುತ್ತದೆ. ಗೂಡು ಆ ಆಳದಲ್ಲಿರುತ್ತದೆ. ದಕ್ಷಿಣ ಆಫ್ರಿಕಾದ ಹುಲ್ಲುಗೆದ್ದಲಿನ ಗೂಡುಗಳು ನೆಲದಿಂದ ಹಲವು ಮೀಟರ್ ಕೆಳಗಿರುವುದುಂಟು. ಅಲ್ಲಿಂದ ಇನ್ನೂ ತೇವವಿರುವ ಪದರದವರೆಗೆ ಸುರಂಗಗಳು ಇಳಿಯುತ್ತವೆ. ಕೆಲವು ಜಾತಿಯ ಕೆಲಸಗಾರ ಗೆದ್ದಲುಗಳಿಗೆ ಜೊಲ್ಲುಗ್ರಂಥಿಗೆ ಸೇರಿದಂತೆ ಪುಟ್ಟ ನೀರಿನ ಚೀಲಗಳಿವೆ. ತೇವ ಸಿಕ್ಕಿದಲ್ಲಿ ಅವನ್ನು ತುಂಬಿಕೊಂಡು ಬಂದು ಒಣಗಿದ ಗೋಡೆಗೆ, ಹೊಸದಾಗಿ ಕಟ್ಟುವ ಮಣ್ಣಿಗೆ, ಒಡಹುಟ್ಟಿದವುಗಳ ಬಾಯಿಗೆ ಒದಗಿಸುತ್ತವೆ. ತಿಂದ ನಾರು ದೇಹದಲ್ಲಿ ಉರಿಯುವಾಗ ಹುಟ್ಟುವ ನೀರಿನ ಅಂಶವೂ ವ್ಯರ್ಥವಾಗುವುದಿಲ್ಲ. ಓಡಾಂಟೋಟರ್ಮಿಸ್‌ನಂಥವು ಗೂಡಿನೊಳಗೆ ಶಿಲೀಂಧ್ರದ ತೋಟವನ್ನೇ ಬೆಳೆಸುತ್ತವೆ. ಅಗಿದ ಮರದ ಪುಡಿಯ ಮೇಲೆ ಬೆಳೆಯುವ ಆ ಶಿಲೀಂಧ್ರ ಅವುಗಳ ಪರವಾಗಿ ನಾರನ್ನು ಅರಗಿಸಿಕೊಡುವುದಲ್ಲದೆ ಗೂಡಿನ ಗಾಳಿಯನ್ನೂ ತೇವವಾಗಿಡುತ್ತದೆ.

ಆಹಾರ ಮಾತ್ರ ಮೇಲೆಯೇ ಇದೆ. ಒಣಹುಲ್ಲು, ಸತ್ತ ಪೊದೆಯ ಕಡ್ಡಿ, ದನದ ಸಗಣಿ, ಕಂಬದ ಬುಡ. ಅಲ್ಲಿಗೆ ಬರಲು ಗೆದ್ದಲು ಸಮಯ ನೋಡುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಕೆಳಗಿಳಿದಿದ್ದು ರಾತ್ರಿ, ಮುಂಜಾನೆ, ಮಳೆ ಬಿದ್ದ ಮರುದಿನ ಮೇಲೇರುತ್ತದೆ. ಬರುವಾಗ ಬಯಲಿಗೆ ಬೀಳದೆ, ಜೊಲ್ಲು ಮತ್ತು ಮಲದಲ್ಲಿ ಕಲಸಿದ ಮಣ್ಣಿನ ಹೊದಿಕೆಯನ್ನು ತಲೆಯ ಮೇಲೆ ಕಟ್ಟಿಕೊಳ್ಳುತ್ತಲೇ ಮುಂದುವರಿಯುತ್ತದೆ. ಚಿಹುವಾಹುವಾದಲ್ಲಿ ಒಣಹುಲ್ಲಿನ ಒಂದೊಂದು ಎಸಳಿಗೂ ಇಂತಹ ಮಣ್ಣಿನ ತೊಗಟೆ ಹಾಕಿ, ಒಳಗಿನ ಹುಲ್ಲನ್ನು ಪೂರ್ತಿ ತಿಂದು, ಟೊಳ್ಳಾದ ಮಣ್ಣಿನ ಕೊಳವೆಯನ್ನಷ್ಟೇ ಬಿಟ್ಟುಹೋಗುವ ಜಾತಿಯಿದೆ. ನಮ್ಮಲ್ಲಿ ತೆಂಗಿನ ಮರದ ಬುಡಕ್ಕೆ, ಬೇಲಿಯ ಗೂಟಕ್ಕೆ ಕೆಮ್ಮಣ್ಣು ಮೆತ್ತಿದಂತೆ ಕಾಣುವುದೂ ಇದೇ ಕೆಲಸ. ಇದಕ್ಕೊಂದು ಅಪವಾದವಿದೆ: ದಕ್ಷಿಣ ಆಫ್ರಿಕಾದ ಹುಲ್ಲುಗೆದ್ದಲಿನ ಕೆಲಸಗಾರರ ಮೈ ಕಪ್ಪಗಿರುತ್ತದೆ, ಅವಕ್ಕೆ ಕಣ್ಣೂ ಇದೆ, ಹೊದಿಕೆಯಿಲ್ಲದೆ ಹಾಡುಹಗಲಿನಲ್ಲೇ ಹುಲ್ಲು ಕತ್ತರಿಸಿ ಒಯ್ಯುತ್ತವೆ. ಉಳಿದ ಬಹುಪಾಲು ಕೆಲಸಗಾರ ಗೆದ್ದಲುಗಳು ಕುರುಡು.

ಇಂತಹ ಜೀವನದಿಂದ ಮರುಭೂಮಿಗೆ ಆಗುವ ಉಪಕಾರ ದೊಡ್ಡದು. ಎರೆಹುಳು ಬದುಕಲಾರದ ನೆಲದಲ್ಲಿ ಮಣ್ಣನ್ನು ತಿರುವಿಹಾಕುವ, ಬಿದ್ದ ಮಳೆಗೆ ಒಳಗಿಳಿಯಲು ದಾರಿ ಮಾಡಿಕೊಡುವ ಕೆಲಸ ಗೆದ್ದಲಿನದು. ನಮೀಬಿಯಾದ ಮರಳಿನಲ್ಲಿ ಹುಲ್ಲಿನ ನಡುವೆ ಬರಿದಾದ ದುಂಡನೆಯ ಬಯಲುಗಳು ಸಾವಿರಾರಿವೆ. 2013ರಲ್ಲಿ ಜರ್ಮನಿಯ ನಾರ್ಬರ್ಟ್ ಯೂರ್ಗೆನ್ಸ್ ಅವರು, ಮರಳುಗೆದ್ದಲು ಹುಲ್ಲಿನ ಬೇರನ್ನು ತಿಂದು ಆ ಜಾಗವನ್ನು ಬೋಳು ಮಾಡುವುದರಿಂದ ಅಲ್ಲಿ ಬಿದ್ದ ಮಳೆನೀರನ್ನು ಹೀರಿ ಹೊರಹಾಕುವ ಗಿಡವೇ ಇಲ್ಲದೆ ನೀರು ಮರಳಿನಡಿ ಉಳಿದುಕೊಳ್ಳುತ್ತದೆ ಎಂದು ವಾದಿಸಿದರು. ನೀರಿಗಾಗಿ ಹುಲ್ಲುಹುಲ್ಲಿನ ನಡುವೆಯೇ ನಡೆಯುವ ಪೈಪೋಟಿಯಿಂದ ಆ ವೃತ್ತಗಳಾಗುತ್ತವೆ ಎನ್ನುವವರೂ ಇದ್ದಾರೆ, ವಾದ ಇನ್ನೂ ನಿಂತಿಲ್ಲ. ದಕ್ಷಿಣ ಆಫ್ರಿಕಾದ ಒಣನಾಡಾದ ನಮಾಕ್ವಾಲ್ಯಾಂಡ್‌ನಲ್ಲಿ ಇಂದಿಗೂ ಗೆದ್ದಲು ವಾಸವಾಗಿರುವ ಕೆಲವು ದಿಬ್ಬಗಳು 34,000 ವರ್ಷ ಹಳೆಯವೆಂದು 2024ರಲ್ಲಿ ತಿಳಿದುಬಂದಿತು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತರು ಗಟ್ಟಿಬಿದ್ದ ನೆಲದಲ್ಲಿ ಗುಂಡಿ ತೋಡಿ ಗೊಬ್ಬರ ಹಾಕಿ ಗೆದ್ದಲನ್ನು ಬೇಕೆಂದೇ ಕರೆಸಿಕೊಳ್ಳುತ್ತಾರೆ. ನಮ್ಮಲ್ಲಿಯೂ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರನ್ನು ಹುಡುಕುವ ಬಗೆಯನ್ನು ಹೇಳುವಾಗ, ಇಂಥ ಮರದ ಇಂಥ ದಿಕ್ಕಿನಲ್ಲಿ ಹುತ್ತವಿದ್ದರೆ ಇಷ್ಟು ಆಳದಲ್ಲಿ ನೀರು ಎಂದು ಮತ್ತೆ ಮತ್ತೆ ಹುತ್ತವನ್ನೇ ಗುರುತಾಗಿ ಹಿಡಿಯುತ್ತಾನೆ. ಆ ಲೆಕ್ಕಗಳೆಲ್ಲ ಸರಿಯೆಂದು ನಾನು ಹೇಳಲಾರೆ. ಆದರೆ ಒಣನೆಲದಲ್ಲಿ ಹುತ್ತಕ್ಕೂ ಅಡಿಯ ತೇವಕ್ಕೂ ನಂಟಿದೆಯೆಂಬ ಮಾತು ಹೊಸದಲ್ಲ.

ಅರಸೀಕೆರೆ ಮರುಭೂಮಿಯಲ್ಲ. ಆದರೆ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನ ಮಳೆಗೂ ನಮ್ಮ ಮಳೆಗೂ ಹೋಲಿಕೆಯೇ ಇಲ್ಲ. ಶಿವರಾತ್ರಿ ಕಳೆದ ಮೇಲೆ ಮೊದಲ ಹದಮಳೆಯವರೆಗೆ ಮೇಲ್ಮಣ್ಣಿನಲ್ಲಿ ತೇವವೆಂಬುದೇ ಇರುವುದಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಗೆದ್ದಲು ಥಾರ್‌ನ ಗೆದ್ದಲು ಮಾಡುವುದನ್ನೇ ಮಾಡುತ್ತದೆ: ಕೆಳಗಿಳಿಯುತ್ತದೆ, ಪಸೆಯಿರುವ ಜಾಗವನ್ನು ಹುಡುಕಿಕೊಳ್ಳುತ್ತದೆ, ಅಲ್ಲಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಮರಕ್ಕೆ ಬರುತ್ತದೆ. ಹೊಲವೆಲ್ಲ ಒಣಗಿರುವಾಗ ಪಸೆಯಿರುವ ಜಾಗವೆಂದರೆ ಮನುಷ್ಯರ ಮನೆಯ ಬಚ್ಚಲು, ಪಾತ್ರೆ ತೊಳೆಯುವ ಕಟ್ಟೆ, ಸೋರುವ ನಲ್ಲಿಯ ಬುಡ. ಆದ್ದರಿಂದಲೇ ಬೇಸಿಗೆಯಲ್ಲಿ ಹೊಲದಲ್ಲಿ ಕಾಣದ ಗೆದ್ದಲು ಮನೆಯಲ್ಲಿ ಕಾಣುತ್ತದೆ, ಜನ ಅದನ್ನು ಮರದಲ್ಲೇ ಹುಟ್ಟಿತೆಂದು ತಿಳಿಯುತ್ತಾರೆ.

ಹಾಸನದ ಸಂಸ್ಥೆಯ ಮೇಲ್ವಿಚಾರಕರು ನನ್ನ ಮೆಚ್ಚುಗೆ ಗಳಿಸಿದ್ದು ಇಲ್ಲಿ. ಅವರು ಬಂದವರೇ ಗೆದ್ದಲು ಹಿಡಿದಿದ್ದ ನಡುಮನೆಯ ದಾರವಂದವನ್ನು ಬಿಟ್ಟು, "ಬಚ್ಚಲು ಎಲ್ಲಿದೆ ತೋರಿಸಿ" ಎಂದರು. ದಾರವಂದದ ಮೇಲೆ ಬೆರಳಗಲದ ಮಣ್ಣಿನ ಗೆರೆ ಕೆಳಗಿಳಿದು ನೆಲದ ಸಂದಿನಲ್ಲಿ ಮರೆಯಾಗುತ್ತಿತ್ತು. ಅವರು ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಒಂದಿಂಚಿನಷ್ಟು ಮಾತ್ರ ಕೆರೆದು, ಉಳಿದುದನ್ನು ಹಾಗೆಯೇ ಬಿಟ್ಟು, ಬಚ್ಚಲ ಗೋಡೆಯ ಹೊರಮೈಯನ್ನು ತಟ್ಟುತ್ತಾ ಹೋಗಿ ಬಚ್ಚಲ ನೀರು ಹೊರಹೋಗುವ ತೂಬಿನ ಪಕ್ಕದಲ್ಲಿ ಗಾರೆ ಉಬ್ಬಿದ ಒಂದು ಜಾಗವನ್ನು ಹುಡುಕಿ ಎಬ್ಬಿಸಿದರು. ಹಿಂದೆ ಒದ್ದೆ ಮಣ್ಣು, ಅದರಲ್ಲಿ ಬೆಳ್ಳಗೆ ಹರಿದಾಡುವ ಹುಳು. ಮರಳಿ ಬರುವಷ್ಟರಲ್ಲಿ ದಾರವಂದದಲ್ಲಿ ಕೆರೆದಿದ್ದ ಜಾಗದ ಅಂಚಿಗೆ ಹಸಿ ಮಣ್ಣಿನ ಹೊಸ ಕಣಗಳು ಕೂತಿದ್ದವು. ದಾರಿ ಜೀವಂತವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ ಎಂದು ತೋರಿಸಿದರು.

ಒಣಮರದೊಳಗೇ ಇರುವ ಜಾತಿಯೂ ಉಂಟು. ಅದಕ್ಕೆ ನೆಲದ ಸಂಪರ್ಕ ಬೇಕಿಲ್ಲ. ಮಲದಲ್ಲಿರುವ ನೀರಿನ ಪಸೆಯನ್ನೂ ದೇಹಕ್ಕೆ ಮರಳಿ ಎಳೆದುಕೊಂಡು, ಗಸಗಸೆಯಂತಹ ಒಣ ಕಾಳುಗಳನ್ನು ಹೊರಗೆ ಉದುರಿಸುತ್ತದೆ, ದಿಟ್ಟಿಸಿದರೆ ಆ ಕಾಳಿಗೆ ಆರು ಮೂಲೆ. ಕುಟ್ಟೆ ಹುಳುವಾದರೆ ಉದುರುವುದು ನುಣ್ಣನೆಯ ಹಿಟ್ಟು. ಮೇಲ್ವಿಚಾರಕರು ಟಾರ್ಚು ಹಿಡಿದು ತೊಲೆ, ಜಂತಿ, ಕಂಬಗಳ ಬುಡದಲ್ಲಿ ಇವೆರಡನ್ನೂ ಹುಡುಕಿ, ಒಂದು ಹಳೆಯ ಕಪಾಟಿನಲ್ಲಿ ಕುಟ್ಟೆ ಹಿಡಿದಿರುವುದನ್ನು ಬಿಟ್ಟರೆ ಒಣಮರದ ಗೆದ್ದಲು ಇಲ್ಲವೆಂದು ಬರೆದುಕೊಟ್ಟರು. ಅಂದರೆ ಫೋನಿನಲ್ಲಿ ಮೊದಲು ಸಿಕ್ಕಿದ ಸಲಹೆಯಂತೆ ಮರಕ್ಕೆ ಮಾತ್ರ ಹೊಡೆಸಿದ್ದರೆ ಗೆದ್ದಲಿನ ಊರು ನೆಲದಡಿಯಲ್ಲಿ ಕ್ಷೇಮವಾಗಿ ಉಳಿಯುತ್ತಿತ್ತು. ಸುಟ್ಟ ಎಂಜಿನ್ ಆಯಿಲ್ ಬಳಿಯುವುದು, ಗೇರೆಣ್ಣೆ ಹಚ್ಚುವುದು ಮುಂತಾದ ನಮ್ಮ ರೂಢಿಯ ಉಪಾಯಗಳೂ ಇದೇ ಮಿತಿಯವು. ಬಳಿದ ಮರವನ್ನು ಕೆಲವು ಕಾಲ ಕಾಯುತ್ತವೆ, ಗೆದ್ದಲು ಪಕ್ಕದ ಮರಕ್ಕೆ ಹೋಗುತ್ತದೆ.

ಬಳಸಿದ ಔಷಧ ಇಮಿಡಾಕ್ಲೋಪ್ರಿಡ್, 30.5 ಶೇಕಡದ್ದು. ಲೀಟರು ನೀರಿಗೆ 2.1 ಮಿಲಿಲೀಟರ್ ಎಂಬ ಪ್ರಮಾಣವನ್ನು ಡಬ್ಬದ ಮೇಲೆ ಓದಿ, ಅಳತೆಯ ಲೋಟದಲ್ಲಿ ನಮ್ಮೆದುರಿಗೇ ಬೆರೆಸಿದರು; ಮುದ್ರೆ ಒಡೆಯದ ಡಬ್ಬವನ್ನು ತಂದು ತೋರಿಸಿ ಒಡೆದದ್ದು ನನಗೆ ಹಿಡಿಸಿತು. ಈ ಔಷಧದ ಆಯ್ಕೆಯೂ ಸರಿಯಾದದ್ದೇ. ಬೈಫೆಂಥ್ರಿನ್‌ನಂಥ ಔಷಧದ ವಾಸನೆ ಹಿಡಿದ ಗೆದ್ದಲು ಅಲ್ಲಿಂದ ಹಿಂದೆ ಸರಿಯುತ್ತದೆ, ಅದು ಬೇಲಿಯಾಗಿ ಕೆಲಸ ಮಾಡುತ್ತದೆ; ಬೇಲಿಯಲ್ಲಿ ಒಂದು ಸಂದು ಉಳಿದರೂ ಅಲ್ಲಿಂದ ನುಸುಳುತ್ತದೆ. ಕಾಡುಗಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ನಮ್ಮ ಬುನಾದಿಯಲ್ಲಿ ಸಂದು ಉಳಿಯದಂತೆ ಔಷಧ ಹಾಕುವುದು ಯಾರಿಂದಲೂ ಆಗದು. ಇಮಿಡಾಕ್ಲೋಪ್ರಿಡ್ ಇರುವುದು ಗೆದ್ದಲಿಗೆ ತಿಳಿಯುವುದಿಲ್ಲ. ಅದರ ಮೂಲಕವೇ ಓಡಾಡಿ, ಮೈಗೆ ಹತ್ತಿಸಿಕೊಂಡು, ಒಂದರ ಮೈಯನ್ನು ಇನ್ನೊಂದು ನೆಕ್ಕಿ ಶುಚಿಮಾಡುವ ಅಭ್ಯಾಸದಿಂದ ಉಳಿದವಕ್ಕೂ ದಾಟಿಸುತ್ತದೆ. ಹಿಂದೆ ಈ ಕೆಲಸಕ್ಕೆ ಬಳಸುತ್ತಿದ್ದ ಆಲ್ಡ್ರಿನ್ ನಿಷೇಧವಾಗಿ ಬಹಳ ಕಾಲವಾಗಿದೆ. ಯಾರಾದರೂ "ಹಳೇ ಸ್ಟಾಕು, ಪವರ್‌ಫುಲ್" ಎಂದು ಗುರುತಿಲ್ಲದ ಡಬ್ಬ ತಂದರೆ ಅವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಬೇಕು.

ಕಟ್ಟಿರುವ ಮನೆಗಳ ಗೆದ್ದಲು ಉಪಚಾರಕ್ಕೆ ಭಾರತೀಯ ಮಾನಕ 6313ರ ಮೂರನೆಯ ಭಾಗವಿದೆ. ಗೋಡೆ ಮತ್ತು ನೆಲ ಕೂಡುವ ಅಂಚಿನುದ್ದಕ್ಕೂ 300 ಮಿಲಿಮೀಟರಿಗೊಂದರಂತೆ 12 ಮಿಲಿಮೀಟರ್ ಅಗಲದ ತೂತು ಕೊರೆದು, ಮಣ್ಣು ಇನ್ನು ಹೀರುವುದಿಲ್ಲವೆನ್ನುವವರೆಗೆ ಅಥವಾ ತೂತಿಗೆ ಒಂದು ಲೀಟರಿನವರೆಗೆ ಔಷಧ ಇಳಿಸಬೇಕೆಂಬುದು ಅದರ ಕ್ರಮ. ಸಂಸ್ಥೆಯ ಕೆಲಸದ ಹುಡುಗರು ಅಳತೆಪಟ್ಟಿ ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೇ ಕೊರೆದರು. ಗೋಡೆಯ ಬುಡಕ್ಕೆ ಹೊರಗಡೆಯಿಂದ ಓರೆಯಾಗಿ ಕೊರೆದ ತೂತುಗಳಲ್ಲಿ ಕೆಲವು ಎಷ್ಟು ಸುರಿದರೂ ನುಂಗುತ್ತಿದ್ದವು. ಒಳಗೆ ಕಲ್ಲುಗಳ ನಡುವಿನ ಮಣ್ಣನ್ನು ಗೆದ್ದಲು ಎಂದೋ ಖಾಲಿ ಮಾಡಿತ್ತು. ಅಂಥ ಕಡೆ ಪಂಪು ನಿಲ್ಲಿಸಿ, ಪಕ್ಕದಲ್ಲಿ ಇನ್ನೊಂದು ತೂತು ಕೊರೆದು ನಿಧಾನವಾಗಿ ಇಳಿಸಿದರು. ಹಿಂದಿನ ಸಂಜೆಯೇ ಮನೆಯ ಸುತ್ತ ಎರಡಡಿ ಅಗಲಕ್ಕೆ ತೆಳುವಾಗಿ ನೀರು ಹಾಕಿಸಿರಬೇಕೆಂದು ಹೇಳಿಕಳಿಸಿದ್ದುದು ಒಣನೆಲವನ್ನು ಬಲ್ಲವರ ಮಾತು: ಬಿರುಕುಬಿಟ್ಟ ಮಣ್ಣಿಗೆ ಸುರಿದ ಔಷಧ ಬಿರುಕಿನಲ್ಲೇ ಇಳಿದುಹೋಗುತ್ತದೆ, ಹದವಾಗಿ ನೆನೆದ ಮಣ್ಣಿನಲ್ಲಿ ಹರಡಿಕೊಳ್ಳುತ್ತದೆ.

ಹಿತ್ತಲ ಹೊಂಗೆಮರದ ಬುಡದಲ್ಲಿ ಎದೆಮಟ್ಟದ ಹುತ್ತವೊಂದಿದೆ, ನಾಗರ ಪಂಚಮಿಗೆ ಮನೆಯವರು ಹಾಲೆರೆಯುವುದು ಅದಕ್ಕೇ. ಹುತ್ತಕ್ಕೂ ತೂತು ಕೊರೆದು ಔಷಧ ತುಂಬುವುದು ಮಾನಕದಲ್ಲಿಯೂ ಹೇಳಿರುವ ಕ್ರಮ. ಹುಡುಗರು ಸಿದ್ಧರಾಗಿಯೇ ಹೋದರು. ನಮ್ಮ ಚಿಕ್ಕಮ್ಮ ತಡೆದಾಗ ಮೇಲ್ವಿಚಾರಕರು, "ಆಯ್ತಮ್ಮ, ಅದರ ತಂಟೆಗೆ ಹೋಗಲ್ಲ, ಮನೆ ಸುತ್ತ ಗಟ್ಟಿ ಮಾಡ್ತೀವಿ" ಎಂದು ಆ ಬದಿಯ ಗೋಡೆಗೆ ತೂತುಗಳನ್ನು ಒತ್ತೊತ್ತಾಗಿ ಕೊರೆಸಿದರು. ಭಕ್ತಿಯ ಮಾತು ಹಾಗಿರಲಿ, ಮನೆಯಲ್ಲಿರುವ ಗೆದ್ದಲು ಆ ಹುತ್ತದ್ದೇ ಎಂಬುದಕ್ಕೆ ಆಧಾರವೇನೂ ಇರಲಿಲ್ಲ. ಒಂದೆಕರೆ ಹಿತ್ತಲಿನಲ್ಲಿ ಬೇರೆ ಬೇರೆ ಗೂಡುಗಳಿರುತ್ತವೆ. ಹುತ್ತವನ್ನು ಕೊಂದು ಮನೆಯ ಸುತ್ತಲಿನ ಕೆಲಸದಲ್ಲಿ ಕೈಬಿಗಿ ಹಿಡಿಯುವವರಿಗಿಂತ ಇದು ಎಷ್ಟೋ ಮೇಲು. ಕೆನ್ಯಾದ ಒಣ ಹುಲ್ಲುಗಾವಲುಗಳಲ್ಲಿ ಇದೇ ಓಡಾಂಟೋಟರ್ಮಿಸ್ ಕುಲದ ದಿಬ್ಬಗಳ ಸುತ್ತ ಹಸಿರು ಹೆಚ್ಚು ಕಾಲ ಉಳಿಯುತ್ತದೆ, ಬರವನ್ನು ಆ ನೆಲ ಇತರ ನೆಲಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಮ್ಮ ಹೊಂಗೆಮರ ಬೇಸಿಗೆಯಲ್ಲೂ ಸೊಂಪಾಗಿರುವುದಕ್ಕೆ ಹುತ್ತವೇ ಕಾರಣವೆಂದು ಹೇಳಿಬಿಡುವ ಆಸೆಯಾಗುತ್ತದೆ, ಬಚ್ಚಲ ನೀರು ಹರಿಯುವುದೂ ಅದೇ ಕಡೆಗೆ ಎಂಬುದನ್ನು ಮರೆಯಬಾರದಷ್ಟೆ.

ದೂರುಗಳಿಗೆ ಬರುತ್ತೇನೆ. ಮೊದಲನೆಯದು ಅಟ್ಟದ ವಿಚಾರ, ಇದೇ ಎಲ್ಲಕ್ಕಿಂತ ಗಂಭೀರವಾದದ್ದು. ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಅಟ್ಟವೆಂದರೆ ಕೊಬ್ಬರಿಯ ಅಟ್ಟ. ಬಲಿತ ಕಾಯನ್ನು ಅಲ್ಲಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ನೆಲದ ಕೆಲಸ ಮುಗಿಸಿದ ಹುಡುಗರು ತೊಲೆಗಳಿಗೆ ಹೊಡೆಯಲೆಂದು ಸೀಮೆಎಣ್ಣೆಯ ವಾಸನೆಯ ಕ್ಲೋರ್‌ಪೈರಿಫಾಸ್ ತುಂಬಿದ ಪಂಪು ಹೊತ್ತು ಏಣಿ ಹತ್ತುತ್ತಿದ್ದರು. ಅಟ್ಟದಲ್ಲಿ ಏನಿದೆಯೆಂದು ಅವರು ಕೇಳಿರಲಿಲ್ಲ, ಅವರ ಪರಿಶೀಲನೆಯ ನಮೂನೆಯಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ. "ಕಾಯಿ ಇಳಿಸೋ ತನಕ ಅಟ್ಟದ ಮೇಲೆ ಒಂದು ತೊಟ್ಟೂ ಬೀಳಬಾರದು ಕಣಪ್ಪ" ಎಂದು ಚಿಕ್ಕಮ್ಮ ಏಣಿ ಹಿಡಿದು ನಿಂತದ್ದರಿಂದ ಕೆಲಸ ನಿಂತಿತು. ತಿನ್ನುವ ಪದಾರ್ಥ ತಿಂಗಳುಗಟ್ಟಲೆ ಇರುವ ಜಾಗಕ್ಕೆ ಈ ಔಷಧವನ್ನು ಸಿಂಪಡಿಸುವುದು ಯಾವ ಕಾರಣಕ್ಕೂ ಸಲ್ಲದು. ಅದೂ ಅಲ್ಲದೆ, ಗೆದ್ದಲು ನೆಲದಿಂದ ಬರುತ್ತಿದೆಯೆಂದು ತಾವೇ ಬರೆದುಕೊಟ್ಟ ಮೇಲೆ, ಹುಳುವೇ ಇಲ್ಲದ ಅಟ್ಟದ ತೊಲೆಗೆ ಹೊಡೆಯುವ ಅಗತ್ಯವಾದರೂ ಏನಿತ್ತು? ಒಪ್ಪಂದದಲ್ಲಿ "ಮರಕ್ಕೆ ಸಿಂಪಡಣೆ" ಎಂಬ ಸಾಲಿದೆ, ಆದ್ದರಿಂದ ಹೊಡೆಯುತ್ತೇವೆ ಎಂಬುದಕ್ಕಿಂತ ಬೇರೆ ಉತ್ತರ ಸಿಗಲಿಲ್ಲ. ತೆಂಗಿನ ಸೀಮೆಗೆ ಕೆಲಸಕ್ಕೆ ಬರುವ ಸಂಸ್ಥೆ ಇಷ್ಟನ್ನು ತಿಳಿದಿರಬೇಕು.

ಎರಡನೆಯದು ನೆಲದ ಅಂದ. ನಡುಮನೆಯದು ಹಳೆಯ ಕೆಂಪು ಆಕ್ಸೈಡ್ ನೆಲ, ತಲೆಮಾರುಗಳ ಓಡಾಟದಿಂದ ಹೊಳಪು ಬಂದದ್ದು. ತೂತುಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ ಹೋದರು. ಗೋಡೆಯಂಚಿಗೆ ಅಡಿಗೊಂದು ಬಿಳಿಯ ಚುಕ್ಕೆ. ಒಂದು ಹಿಡಿ ಕೆಂಪು ಆಕ್ಸೈಡ್ ಬೆರೆಸಿದ್ದರೆ ಮುಗಿಯುತ್ತಿದ್ದ ಕೆಲಸವಿದು. ಕೇಳಿದ್ದಕ್ಕೆ "ಬಣ್ಣದ ಕೆಲಸ ನಮ್ಮದಲ್ಲ ಸಾರ್" ಎಂದರು. ಅರಸೀಕೆರೆಯ ಗಾರೆಯವರನ್ನು ಕರೆಸಿ ಅಷ್ಟನ್ನೂ ಕೆದಕಿಸಿ ಮತ್ತೆ ತುಂಬಿಸಬೇಕಾಯಿತು, ಅದರ ಖರ್ಚು ಬೇರೆ.

ಬಾವಿಯ ವಿಷಯದಲ್ಲಿ ನಾನೇ ಕೇಳಿ ಹೇಳಿಸಿಕೊಳ್ಳಬೇಕಾಯಿತು. ಇಮಿಡಾಕ್ಲೋಪ್ರಿಡ್ ನೀರಿನ ಜೊತೆ ಚಲಿಸುವಂಥದು, ನೀರಿನ ಹುಳುಹುಪ್ಪಟೆಗಳಿಗೂ ಜೇನಿಗೂ ಅಪಾಯಕಾರಿ. ಬಾವಿಯ ಕಡೆಯ ಗೋಡೆಗೆ ಹೊರಗಿನಿಂದ ಔಷಧ ಹಾಕದೆ ಒಳಗಿನಿಂದ ಮಾತ್ರ ಹಾಕಲು ಅವರು ಒಪ್ಪಿದರು, ಆದರೆ ಆ ಎಚ್ಚರ ಅವರ ಕಡೆಯಿಂದ ತಾನಾಗಿ ಬರಲಿಲ್ಲ. ಮಳೆಗಾಲದಲ್ಲಿ ಏಳುವ ಹುತ್ತದಣಬೆಯ ಬಗ್ಗೆಯೂ ಮಾತಿಲ್ಲ. ಗೆದ್ದಲಿನ ತೋಟದ ಶಿಲೀಂಧ್ರವೇ ಮಳೆ ಬಿದ್ದಾಗ ಅಣಬೆಯಾಗಿ ನೆಲದ ಮೇಲೆ ಏಳುತ್ತದೆ, ನಮ್ಮ ಕಡೆ ಅದನ್ನು ಆಸೆಪಟ್ಟು ಕಿತ್ತು ಸಾರು ಮಾಡುತ್ತಾರೆ. ಔಷಧ ಇಳಿಸಿದ ಗೋಡೆಯ ಬುಡದಲ್ಲಿ ಎದ್ದ ಅಣಬೆಯನ್ನು ತಿನ್ನಬಾರದೆಂದು ಮನೆಯವರಿಗೆ, ಅದರಲ್ಲೂ ಮಕ್ಕಳಿಗೆ, ಹೇಳುವುದು ಸೇವೆ ಕೊಡುವವರ ಕರ್ತವ್ಯ. ಅವರು ಬಿಟ್ಟುಹೋದ ಸೂಚನಾಪತ್ರದಲ್ಲಿ ಮೀನಿನ ತೊಟ್ಟಿ, ನಾಯಿ, ಬೆಕ್ಕು ಎಲ್ಲದರ ಹೆಸರಿತ್ತು. ಅದನ್ನು ನಗರದ ಫ್ಲಾಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಬರೆದಿದ್ದಾರೆ.

ಫಲಿತಾಂಶದ ಮಾತು. ಕೆಲಸವಾದ ಕೆಲವು ವಾರಗಳಲ್ಲಿ ದಾರವಂದದ ಮೇಲಿದ್ದ ಕೊಳವೆಗಳು ಒಣಗಿ, ಬೆರಳು ತಾಗಿಸಿದರೆ ಉದುರುವಂತಾದವು, ಒಡೆದ ಜಾಗವನ್ನು ಮುಚ್ಚಲು ಯಾವ ಹುಳುವೂ ಬರಲಿಲ್ಲ. ಹಿಂದಿನ ವರ್ಷಗಳಲ್ಲಿ ಮೊದಲ ದೊಡ್ಡ ಮಳೆಯ ಸಂಜೆ ರೆಕ್ಕೆಯ ಹುಳುಗಳು ನಡುಮನೆಯ ದಾರವಂದದ ಸಂದಿನಿಂದಲೇ ಹೊರಟು ದೀಪಕ್ಕೆ ಮುತ್ತುತ್ತಿದ್ದವು. ಒಣನಾಡಿನ ಗೆದ್ದಲಿಗೆ ಹೊಸ ಸಂಸಾರ ಹೂಡಲು ಇರುವ ಮುಹೂರ್ತ ಅದೊಂದೇ. ಮಣ್ಣು ಮೆತ್ತಗಾಗಿ ಒದ್ದೆಯಾಗಿರುವ ಆ ಹೊತ್ತಿನಲ್ಲಿ ರೆಕ್ಕೆ ಕಳಚಿದ ಜೋಡಿ ನೆಲ ಕೊರೆದು ಇಳಿಯದಿದ್ದರೆ ಮರುದಿನದ ಬಿಸಿಲು ಅದನ್ನು ಉಳಿಸುವುದಿಲ್ಲ. ಈ ಸಲ ಹೊಂಗೆಮರದ ಹುತ್ತದಿಂದ ಎಂದಿನಂತೆ ಹೊರಟವು, ಮನೆಯ ಒಳಗಿನ ಸಂದುಗಳಿಂದ ಒಂದೂ ಹೊರಡಲಿಲ್ಲ. ನೆಲದೊಳಗಿನ ಕೆಲಸಕ್ಕೆ ನಾಲ್ಕು ಅಂಕ ಕೊಟ್ಟಿರುವುದು ಈ ಕಾರಣದಿಂದ.

ದರ ಚದರಡಿಗೆ 9 ರೂಪಾಯಿ. 1600 ಚದರಡಿಯ ಮನೆಗೆ 14,400, ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿ 16,992 ರೂಪಾಯಿ ಆಯಿತು. ಹಾಸನದಿಂದ ಬಂದುಹೋಗುವ ಖರ್ಚನ್ನು ಬೇರೆ ಹಾಕಲಿಲ್ಲ, ರಸೀದಿಯನ್ನು ಕೇಳದೆಯೇ ಕೊಟ್ಟರು. ಇಷ್ಟು ತೂತು, ಇಷ್ಟು ಔಷಧ, ಒಂದು ಹಗಲಿನ ದುಡಿಮೆಗೆ ಇದು ದುಬಾರಿಯಲ್ಲ. ಐದು ವರ್ಷದ ವಾರಂಟಿಯೂ ಇದೆ, ಆದರೆ ಸಣ್ಣ ಅಕ್ಷರದ ಒಂದು ಷರತ್ತನ್ನು ಓದಿಕೊಳ್ಳಬೇಕು: ಕಟ್ಟಡದಲ್ಲಿ ನೀರಿನ ಸೋರಿಕೆ ಕಂಡುಬಂದರೆ ವಾರಂಟಿ ರದ್ದು. ಷರತ್ತು ತಪ್ಪಲ್ಲ, ಸೋರಿಕೆಯಿದ್ದಲ್ಲಿ ಗೆದ್ದಲು ಮರಳುವುದು ಸಹಜ. ಹಾಗಿದ್ದರೆ ತಾವೇ ಕಂಡುಹಿಡಿದ ಬಚ್ಚಲ ತೂಬಿನ ಸೋರಿಕೆಯನ್ನು ವರದಿಯಲ್ಲಿ ಬರೆದು, ಮೊದಲು ಅದನ್ನು ಸರಿಪಡಿಸಿಕೊಳ್ಳಿ ಎಂದು ತಿಳಿಸಬೇಕಿತ್ತು. ಬಾಯಿಮಾತಿನಲ್ಲಿ ಹೇಳಿದರು, ಕಾಗದದಲ್ಲಿ ಬರಲಿಲ್ಲ.

ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೂ ಒತ್ತಾಯಿಸಿದರು. ಅದರಲ್ಲಿರುವುದು ವರ್ಷಕ್ಕೊಮ್ಮೆ ಮರಗಳಿಗೆ ಸಿಂಪಡಣೆ, ನೆಲದ ಕೆಲಸವಿಲ್ಲ. ನಮ್ಮಂಥ ಒಣನೆಲದ ಮನೆಗೆ ಅದರಿಂದ ಪ್ರಯೋಜನ ಕಾಣದ್ದರಿಂದ ಸಹಿ ಹಾಕಲಿಲ್ಲ. ಆ ಹಣದಲ್ಲಿ ಬಚ್ಚಲ ತೂಬಿಗೆ ಹೊಸ ಪೈಪು ಹಾಕಿಸಿ, ನೀರನ್ನು ಗೋಡೆಯಿಂದ ದೂರಕ್ಕೆ, ತೆಂಗಿನ ಸಾಲಿಗೆ ತಿರುಗಿಸಿದ್ದೇವೆ. ವಾರಂಟಿಯಲ್ಲೇ ಸೇರಿರುವ ವರ್ಷಕ್ಕೊಂದು ಉಚಿತ ತಪಾಸಣೆಯನ್ನು ಮಾತ್ರ ಬಿಡಬಾರದು. ಆ ಪತ್ರದಲ್ಲಿ ತಪಾಸಣೆಯ ತಿಂಗಳನ್ನು ಅವರು ಖಾಲಿ ಬಿಟ್ಟಿದ್ದರು. ಹಿಂಗಾರು ಮುಗಿದು ಮೇಲ್ಮಣ್ಣಿನಲ್ಲಿ ಇನ್ನೂ ಪಸೆ ಉಳಿದಿರುವಾಗ ಗೆದ್ದಲು ಮೇಲೆಯೇ ಓಡಾಡಿಕೊಂಡಿರುವುದರಿಂದ ಹೊಸ ಕೊಳವೆ ಎಲ್ಲಿದ್ದರೂ ಕಣ್ಣಿಗೆ ಬೀಳುವ ಕಾಲ ಅದೇ ಎಂದು, ಆ ಜಾಗದಲ್ಲಿ ನವೆಂಬರ್ ಎಂದು ಬರೆಸಿ ಮೊಹರು ಹಾಕಿಸಿಕೊಂಡಿದ್ದೇನೆ.